ನಾಯನ ಬಿಟ್ಟುಹೋದ ಫಿಯೆಟ್ಟು, ಮಾಲೂರಿನ ವ್ಯಾಗನ್ ಆರ್

ಮೇಡಂ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ನನಗೆ 36 ವರ್ಷ. ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ನಮ್ಮ ನಾಯನ, ಅಂದರೆ ತಂದೆ, ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಅವರದ್ದೊಂದು ಫಿಯೆಟ್ ಕಾರಿದೆ. ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್ಲು. 1992ರಲ್ಲಿ ಬೆಂಗಳೂರಿನ ಡಾಕ್ಟರೊಬ್ಬರ ಹತ್ತಿರ ಕೊಂಡಿದ್ದರು. ಆಗ ನನಗೆ ಮೂರು ವರ್ಷ. ಸುಗ್ಗಿಯಲ್ಲಿ ಡಿಕ್ಕಿಗೆ ಹುಲ್ಲು ಹಾಸಿ ಬಾದಾಮಿ, ರಸಪುರಿ ಮಾವು ತುಂಬಿಕೊಂಡು ನೆಂಟರ ಮನೆಗೆಲ್ಲ ಹೋಗುತ್ತಿದ್ದೆವು. ಈಗಲೂ ಡಿಕ್ಕಿ ಎತ್ತಿದರೆ ಮೂಲೆಯಲ್ಲಿ ಹುಲ್ಲಿನ ಎಸಳು ಸಿಕ್ಕುತ್ತದೆ. ಎರಡು ವರ್ಷದಿಂದ ಹಸುಗಳ ಕೊಟ್ಟಿಗೆಯಲ್ಲಿ ನಿಂತಿದೆ, ಸ್ಟಾರ್ಟ್ ಆಗುವುದಿಲ್ಲ. ಎಫ್‌ಸಿ ಹೋದ ವರ್ಷ ಮುಗಿದಿದೆ. ಆರ್‌ಸಿ ನಾಯನ ಹೆಸರಿನಲ್ಲೇ ಇದೆ.

ನಾಯನ ಕಾಲದಿಂದ ಈ ಗಾಡಿ ನೋಡಿಕೊಂಡು ಬಂದ ಮುಳಬಾಗಿಲಿನ ಮೆಕ್ಯಾನಿಕ್ ಒಬ್ಬರು ಎಲ್ಲ ಸರಿ ಮಾಡಿ ಪೇಂಟ್ ಹೊಡೆದು ಕೊಡಲು ಎರಡು ಲಕ್ಷದ ಇಪ್ಪತ್ತು ಸಾವಿರ ಆಗುತ್ತದೆ ಅನ್ನುತ್ತಾರೆ. ನನ್ನ ಹೆಂಡತಿ ಮಾಲೂರಿನಲ್ಲಿ 2017ರ ವ್ಯಾಗನ್ ಆರ್ ನೋಡಿದ್ದಾಳೆ, ಮೂರು ಲಕ್ಷದ ನಲವತ್ತು ಸಾವಿರ ಹೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು ನಾಲ್ಕು ಲಕ್ಷ. ಬೆಂಗಳೂರಿನಲ್ಲಿರುವ ಅಣ್ಣ, ಹಳೇ ಕಾರಿನ ಶೋಕಿಯವರು ಯಾರೋ ಫಿಯೆಟ್ಟಿಗೆ ಲಕ್ಷದ ಇಪ್ಪತ್ತು ಸಾವಿರ ಕೊಡುತ್ತಾರೆ, ಕೊಟ್ಟುಬಿಡು ಅನ್ನುತ್ತಾನೆ. ಅಮ್ಮನಿಗೆ ಮೊಣಕಾಲು ನೋವು, ಹದಿನೈದು ದಿನಕ್ಕೊಮ್ಮೆ ಟಮಕದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾನು ಕೋಲಾರದ ತನಕ ಬೈಕಿನಲ್ಲಿ ಹೋಗಿ ಅಲ್ಲಿಂದ ಫ್ಯಾಕ್ಟರಿ ಬಸ್ ಹತ್ತುತ್ತೇನೆ. ಹೋದ ತಿಂಗಳು ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಟೊಮೆಟೊ ಲಾರಿಯೊಂದು ಮೈಮೇಲೇ ಬಂದಂತಾಗಿ ರಸ್ತೆ ಬಿಟ್ಟು ಇಳಿದೆ. ಅವತ್ತಿನಿಂದ ಹೆಂಡತಿ ಕಾರು ಕಾರು ಅನ್ನುತ್ತಿದ್ದಾಳೆ. ಫಿಯೆಟ್ಟನ್ನೇ ಸರಿ ಮಾಡಿಸಿ ದಿನಾ ಓಡಿಸಲೇ? ಅದನ್ನು ಮಾರಿದರೆ ನಾಯನನ್ನೇ ಮಾರಿದ ಹಾಗೆ ಅನ್ನಿಸಿ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ, ಶ್ರೀನಿವಾಸಪುರ ತಾಲ್ಲೂಕು

ತಮ್ಮಾ, ನಿದ್ದೆಗೆಟ್ಟವರನ್ನು ಕಾಯಿಸಬಾರದು, ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನದ ಓಡಾಟಕ್ಕೆ ವ್ಯಾಗನ್ ಆರ್ ಥರದ ಗಾಡಿಯನ್ನೇ ಕೊಳ್ಳಿ. ಫಿಯೆಟ್ಟನ್ನು ಈಗ ಮಾರಬೇಡಿ. ಹಾಗಂತ ಎರಡು ಲಕ್ಷದ ಇಪ್ಪತ್ತು ಸಾವಿರ ಸುರಿಯಲೂ ಬೇಡಿ. ಎರಡು ಗಾಡಿಗಳನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ, ಅದಕ್ಕೇ ಮುಳ್ಳು ನಿಲ್ಲುತ್ತಿಲ್ಲ. ಒಂದು ನಿಮ್ಮನ್ನು ರಾತ್ರಿ ಎರಡು ಗಂಟೆಗೆ ಮನೆ ಮುಟ್ಟಿಸಬೇಕಾದದ್ದು. ಇನ್ನೊಂದು ನಿಮ್ಮ ಮನೆಯ ನೆನಪು. ನೆನಪನ್ನು ರಾತ್ರಿ ಪಾಳಿಗೆ ದುಡಿಸಬಾರದು.

ಓಡಾಟದ ಮಾತು ಮೊದಲು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೆಚ್ಚುಕಡಿಮೆ 25 ಕಿಲೋಮೀಟರು. ಹೋಗಿ ಬಂದರೆ ಐವತ್ತು, ತಿಂಗಳಿಗೆ ಇಪ್ಪತ್ತೈದು ದಿನ ಅಂದರೆ 1,250 ಕಿಲೋಮೀಟರು. ಒಳ್ಳೆಯ ಸ್ಥಿತಿಯ ಫಿಯೆಟ್ ಲೀಟರಿಗೆ ಹನ್ನೊಂದು ಕೊಟ್ಟರೆ ಪುಣ್ಯ. ಸಾಧಾರಣ ಸ್ಥಿತಿಯ ವ್ಯಾಗನ್ ಆರ್ ಹದಿನೆಂಟು ಕೊಡುತ್ತದೆ. ಒಂದಕ್ಕೆ 114 ಲೀಟರು, ಇನ್ನೊಂದಕ್ಕೆ 69. ಲೀಟರಿಗೆ ನೂರು ರೂಪಾಯಿ ಅಂತ ಸುಲಭದ ಲೆಕ್ಕ ಹಾಕಿದರೂ ತಿಂಗಳಿಗೆ ನಾಲ್ಕೂವರೆ ಸಾವಿರ, ವರ್ಷಕ್ಕೆ ಐವತ್ತು ಸಾವಿರದ ಮೇಲೆ. ಅಷ್ಟರಲ್ಲಿ ಅಮ್ಮನ ಮೊಣಕಾಲಿಗೆ ಬೇಕಾದ ಔಷಧಿಯೂ ಆಗುತ್ತದೆ, ಫಿಯೆಟ್ಟಿನ ಖರ್ಚೂ ಆಗುತ್ತದೆ.

ಆದರೆ ನನ್ನ ಭಯ ಪೆಟ್ರೋಲಿನದಲ್ಲ, ಬ್ರೇಕಿನದು. ನಿಮ್ಮ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆಯಲ್ಲಿ ನೀರು ಹೊಕ್ಕರೆ ಪೆಡಲ್ ಒತ್ತಿದ ಮೇಲೆ ಗಾಡಿ ಒಂದು ಗಳಿಗೆ ಯೋಚನೆ ಮಾಡಿ ನಿಲ್ಲುತ್ತದೆ. ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕು ಎಂಬ ನಿಯಮ ನಮ್ಮ ದೇಶಕ್ಕೆ ಬಂದದ್ದು 1994ರಲ್ಲಿ. ನಿಮ್ಮದು ಅದಕ್ಕಿಂತ ಹತ್ತು ವರ್ಷ ಹಿಂದಿನದು. ಉದ್ದ ಬೆಂಚಿನಂಥ ಮುಂದಿನ ಸೀಟಿನಲ್ಲಿ ಕೂತವರನ್ನು ಹಿಡಿದುಕೊಳ್ಳುವುದು ಅವರ ಕೈ ಮಾತ್ರ. ಹೆಡ್‌ಲೈಟಿನ ಬೆಳಕು ಹಳದಿ, ಮಂದ. 1984ರಲ್ಲಿ ಆ ಬೆಳಕು ಸಾಕಿತ್ತು, ಯಾಕೆಂದರೆ ಎದುರಿಗೆ ಬರುವವರದ್ದೂ ಹಾಗೇ ಇತ್ತು, ವೇಗವೂ ಅಷ್ಟೇ ಇತ್ತು. ಈಗ ರಾತ್ರಿಯಿಡೀ ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತ ಲಾರಿಗಳು ಚೆನ್ನೈ ಕಡೆ ಹರಿಯುತ್ತವೆ. ಮಾಲೂರು, ಬಂಗಾರಪೇಟೆ ಕಡೆ ಎಕ್ಸ್‌ಪ್ರೆಸ್‌ವೇಯೇ ಬಂದುಬಿಟ್ಟಿದೆ. ಒಂದು ಸಲ ಲಾರಿಗೆ ಹೆದರಿ ರಸ್ತೆ ಇಳಿದವರು ನೀವು. ನಿಮ್ಮ ಹೆಂಡತಿ ಕಾರು ಕೇಳುತ್ತಿರುವುದು ನೀವು ಜೀವಸಹಿತ ಮನೆಗೆ ಬರಲಿ ಅಂತ. ಆ ಮಾತಿಗೆ ಉತ್ತರವಾಗಿ ಬೆಲ್ಟಿಲ್ಲದ ಕಾರನ್ನು ತಂದು ನಿಲ್ಲಿಸಿದರೆ ಆಕೆಯ ಭಯ ಹೋಗುವುದು ಹೇಗೆ?

ಇದೇ ಕಾರಣಕ್ಕೆ ಮಾಲೂರಿನ ಗಾಡಿಯ ಬಗ್ಗೆಯೂ ಒಂದು ಮಾತಿದೆ. 2019ರ ಜುಲೈ ನಂತರ ತಯಾರಾದ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗಿನ ಸೆನ್ಸರ್ ಎಲ್ಲ ಕಡ್ಡಾಯ. ಆ ವರ್ಷದ ಏಪ್ರಿಲ್‌ನಿಂದಲೇ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರದಂತೆ ಅದು ತಡೆಯುತ್ತದೆ. 2017ರಲ್ಲಿ ಇವೆಲ್ಲ ಕಡ್ಡಾಯವಾಗಿರಲಿಲ್ಲ, ಕೆಲವು ಮಾಡೆಲ್ಲುಗಳಿಗೆ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಹಾಗಾಗಿ ಸ್ಟೀರಿಂಗಿನ ನಡುವೆ ಏರ್‌ಬ್ಯಾಗಿನ ಅಕ್ಷರ ಇದೆಯೇ, ಇಗ್ನಿಷನ್ ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿ ಆರುತ್ತದೆಯೇ ನೋಡಿ. ಇಲ್ಲದಿದ್ದರೆ ಆ ಗಾಡಿ ಬಿಡಿ. ಅದೇ ದುಡ್ಡಿಗೆ ಇನ್ನಷ್ಟು ಚಿಕ್ಕ ಗಾಡಿಯಾದರೂ ಸರಿ, ಸ್ವಲ್ಪ ಹೆಚ್ಚು ಓಡಿದ್ದಾದರೂ ಸರಿ, 2019ರ ಕೊನೆಯದ್ದೋ 2020ರದ್ದೋ ಹುಡುಕಿ. ಹೊಳೆಯುವ ಬಣ್ಣಕ್ಕೆ, ಪರದೆ ಇರುವ ಮ್ಯೂಸಿಕ್ ಸಿಸ್ಟಮ್ಮಿಗೆ ದುಡ್ಡು ಕೊಡಬೇಡಿ, ಇದಕ್ಕೆ ಕೊಡಿ.

ಬೆಲೆಯಲ್ಲೂ ನಿಮಗೆ ಈಗ ಹಿಡಿತ ಇದೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಹೊಸ ಕಾರಿನ ಬೆಲೆ ಇಳಿಯಿತು. ಹೊಸದು ಇಳಿದ ಮೇಲೆ ಹಳೆಯದು ಮೊದಲಿನ ಬೆಲೆಯಲ್ಲೇ ನಿಲ್ಲಬೇಕಾಗಿಲ್ಲ. ಕೋಲಾರದ ಶೋರೂಮಿನಲ್ಲಿ ಹೊಸ ಚಿಕ್ಕ ಕಾರಿನ ಕೊಟೇಶನ್ ಒಂದು ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡೇ ಮಾಲೂರಿಗೆ ಹೋಗಿ. ಬ್ರೋಕರ್ ಜೊತೆ ವಾದ ಮಾಡುವುದಕ್ಕಿಂತ ಆ ಹಾಳೆಯನ್ನು ಮೇಜಿನ ಮೇಲಿಡುವುದು ಸುಲಭ.

ಗಾಡಿ ನೋಡುವುದಕ್ಕೆ ಬೆಳಿಗ್ಗೆ ಬೇಗ ಹೋಗಿ, ಬರುತ್ತೇವೆ ಅಂತ ಮೊದಲೇ ಫೋನ್ ಮಾಡಬೇಡಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿಯಾಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿ ಸುಧಾರಿಸಿಟ್ಟಿದ್ದಾರೆ ಅಂತ ಅರ್ಥ. ಮೀಟರಿನಲ್ಲಿ 42 ಸಾವಿರ ಕಿಲೋಮೀಟರು ಅಂತ ತೋರಿಸುತ್ತದೆ, ಆದರೆ ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದು ಒಂದು ಕಡೆ ಕಬ್ಬಿಣ ಕಾಣುತ್ತದೆ ಅನ್ನಿ. ಮೀಟರ್ ತಿರುಗಿಸಬಹುದು, ಎಂಟು ವರ್ಷ ಒತ್ತಿದ ಕಾಲಿನ ಗುರುತು ಅಳಿಸುವುದು ಕಷ್ಟ. ಆ ರಬ್ಬರು ಮಾತ್ರ ಹೊಚ್ಚ ಹೊಸದಾಗಿದ್ದರೆ ಇನ್ನೂ ಹುಷಾರಾಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ನಂಬರಿರುತ್ತದೆ. 3221 ಅಂತಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರಿನದ್ದು ಓದಿ, ಡಿಕ್ಕಿಯಲ್ಲಿರುವ ಸ್ಟೆಪ್ನಿಯದ್ದನ್ನೂ ಓದಿ. ಮುಂದಿನ ಸೀಟು ಹಿಂದಕ್ಕೆ ಸರಿಸಿ ಕೆಳಗಿನ ಕಂಬಿಗಳನ್ನು ಬೆರಳಿನಿಂದ ಉಜ್ಜಿ ನೋಡಿ. ಅಲ್ಲಿ ಕೆಂಪು ತುಕ್ಕು, ಒಣಗಿದ ಮಣ್ಣು ಇದ್ದರೆ ಗಾಡಿ ನೀರಿನಲ್ಲಿ ಮುಳುಗಿದ್ದಿರಬಹುದು. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮಳೆನೀರು ನುಗ್ಗಿದ ಕಾರುಗಳು ದೂರದ ಊರುಗಳಲ್ಲೇ ಗಿರಾಕಿ ಹುಡುಕುವುದು.

ಬಿ ಎಕ್ಸ್‌ಟ್ರಾಕ್ಟ್ ಆರ್‌ಟಿಒದಿಂದ ತೆಗೆಸದೆ ಅಡ್ವಾನ್ಸ್ ಕೊಡಬೇಡಿ. ಗಾಡಿ ಎಷ್ಟನೇ ಮಾಲೀಕರ ಕೈಯಲ್ಲಿದೆ, ಬ್ಯಾಂಕಿನ ಸಾಲ ತೀರಿದೆಯೇ, ಮೊದಲು ಹಳದಿ ಬೋರ್ಡಿನಲ್ಲಿ ಓಡಿದ್ದೇ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಸಾಲ ಇದ್ದರೆ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬಾರದು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ನಿಮ್ಮೆದುರೇ ಆಗಲಿ. ಬಾಕಿ ಚಲನ್ ಇದ್ದರೆ ಅವರೇ ಕಟ್ಟಲಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಷ್ಟು ಸಾಕು, ಉಳಿದದ್ದು ನಿಮ್ಮ ಹೆಂಡತಿ ನೋಡಿಕೊಳ್ಳುತ್ತಾರೆ. ಮಾಲೂರಿನ ತನಕ ಹೋಗಿ ಗಾಡಿ ನೋಡಿಕೊಂಡು ಬಂದವರು ಅವರು.

ಈಗ ಫಿಯೆಟ್ಟಿಗೆ ಬರುತ್ತೇನೆ. ನಿಮ್ಮ ನಿದ್ದೆ ಕೆಟ್ಟಿರುವುದು ಅದರಿಂದ.

ಆ ಗಾಡಿಯ ಮೇಲಿನ ನಿಮ್ಮ ಹೆಮ್ಮೆ ಸುಳ್ಳಲ್ಲ. ಮೋಟಾರು ಕಾರ್ಖಾನೆ ನಮ್ಮ ದೇಶದಲ್ಲೇ ಆಗಬೇಕು ಅಂತ 1930ರ ದಶಕದಲ್ಲಿ ಯೋಜನೆ ಬರೆದು ದೇಶ ವಿದೇಶ ಸುತ್ತಿದವರು ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ್ದರೂ 2007ರ ತನಕ ನಮ್ಮ ಕೋಲಾರ ಜಿಲ್ಲೆಯದ್ದೇ. ಬ್ರಿಟಿಷ್ ಸರ್ಕಾರ ಆ ಯೋಜನೆಗೆ ಒಪ್ಪಲಿಲ್ಲ. ಅವರ ಜೊತೆ ಅದಕ್ಕಾಗಿ ಓಡಾಡಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಇಟಲಿಯ ಫಿಯೆಟ್ 1100 ಅಲ್ಲಿ 1964ರಿಂದ ಹೊಸ ರೂಪದಲ್ಲಿ ತಯಾರಾಯಿತು, 1974ರಿಂದ ಅದಕ್ಕೆ ಪದ್ಮಿನಿ ಅಂತ ಹೆಸರು. ನಮ್ಮ ಜನ ಮಾತ್ರ ಫಿಯೆಟ್ ಅನ್ನುವುದನ್ನು ಬಿಡಲಿಲ್ಲ. 1,089 ಸಿಸಿಯ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಆ ಟ್ಯಾಕ್ಸಿಗಳು ಇದ್ದಷ್ಟು ದಿನ ಬಿಡಿಭಾಗ ಮಾಡುವವರಿಗೆ ಖಾಯಂ ಗಿರಾಕಿ ಇದ್ದರು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಕೇಳಬೇಕು. ಅಂದಮೇಲೆ ಇಂಥ ಗಾಡಿಯನ್ನು ದಿನಾ ಐವತ್ತು ಕಿಲೋಮೀಟರು ಸವೆಸುವುದು ಅದರ ಆಯುಷ್ಯವನ್ನೇ ಕಡಿಮೆ ಮಾಡಿದಂತೆ. ಅದರ ಮೇಲೆ ಪ್ರೀತಿ ಇರುವವರು ಅದನ್ನು ಕಡಿಮೆ ಓಡಿಸುತ್ತಾರೆ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಲೇಬೇಕು. ನಮ್ಮ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು, ಕೊನೆಗಾಲಕ್ಕೆ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದರು. ಅವರು ಹೋದ ಎರಡನೇ ತಿಂಗಳಿಗೇ ನಾವು ಮಕ್ಕಳು ಸೇರಿ ಅದನ್ನು ಹೊಸದು ಮಾಡಿಸಬೇಕು ಅಂತ ಹೊರಟೆವು. ದುಃಖದಲ್ಲಿ ಖರ್ಚು ಮಾಡಿದರೆ ಹಗುರವಾಗುತ್ತದೆ ಅನ್ನಿಸುತ್ತದೆ. ಗ್ಯಾರೇಜಿನವರು ತುಕ್ಕಿನ ಮೇಲೇ ಪಟ್ಟಿ ಹಾಕಿ, ಅದರ ಮೇಲೆ ಬಣ್ಣ ಹೊಡೆದು ಕೊಟ್ಟರು. ಕನ್ನಡಿಯ ಹಾಗೆ ಹೊಳೆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ ಗುಳ್ಳೆ ಎದ್ದು, ಒತ್ತಿದರೆ ಬೆರಳು ಒಳಗೆ ಹೋಗುವಂತಾಯಿತು. ಇನ್ನೊಮ್ಮೆ ದುಡ್ಡು ಹಾಕುವವರು ಯಾರು ಅಂತ ನಮ್ಮ ನಮ್ಮಲ್ಲೇ ಮಾತು ಬಂತು. ಗಾಡಿ ಹೊಂಗೆ ಮರದ ಕೆಳಗೆ ನಿಂತಿತು. ಕೊನೆಗೆ ಇಟ್ಟಿಗೆ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಗುಜರಿಯವನು ಕಿಲೋ ಲೆಕ್ಕದಲ್ಲಿ ತೆಗೆದುಕೊಂಡುಹೋದ. ಆ ತೂಕದ ಚೀಟಿ ಇನ್ನೂ ನನ್ನ ಬೀರುವಿನಲ್ಲಿದೆ. ನಮ್ಮ ತಪ್ಪು ಮಾರಿದ್ದರಲ್ಲಿರಲಿಲ್ಲ. ವರ್ಷ ತುಂಬುವ ಮೊದಲೇ ಅವಸರ ಪಟ್ಟೆವು, ಅಡಿಯಿಂದ ಶುರು ಮಾಡದೆ ಬಣ್ಣದಿಂದ ಶುರು ಮಾಡಿದೆವು.

ಅದಕ್ಕೇ ಹೇಳುತ್ತಿದ್ದೇನೆ, ನಾಯನ ವರ್ಷದ ತಿಥಿ ಮುಗಿಯಲಿ. ಅಲ್ಲಿಯತನಕ ಫಿಯೆಟ್ಟನ್ನು ಮಾರುವ ಮಾತೂ ಬೇಡ, ಪೇಂಟಿನ ಮಾತೂ ಬೇಡ. ಆದರೆ ಒಂದು ಕೆಲಸ ನಾಳೆಯೇ ಮಾಡಿ: ಗಾಡಿಯನ್ನು ಹಸುಗಳ ಕೊಟ್ಟಿಗೆಯಿಂದ ಹೊರಗೆ ತಳ್ಳಿಸಿ. ಗಂಜಲದ ಆವಿ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ, ರೇಡಿಯೇಟರು ಹಾಳಾಗುತ್ತದೆ, ತಳದ ತಗಡು ಬೇಗ ತುಕ್ಕು ಹಿಡಿಯುತ್ತದೆ. ಗಾಳಿಯಾಡುವ ಕಡೆ ಶೀಟು ಹಾಕಿದ ಮಾಡಿನ ಕೆಳಗೆ, ಆಕ್ಸಲ್ ಅಡಿ ಗಟ್ಟಿ ಮರದ ದಿಮ್ಮಿ ಕೊಟ್ಟು ಟೈರಿನ ಮೇಲಿನ ಭಾರ ತಪ್ಪಿಸಿ ನಿಲ್ಲಿಸಿ. ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಬಿಗಿಯಬೇಡಿ, ಒಳಗೇ ಬೆವರುತ್ತದೆ. ಸ್ಟಾರ್ಟ್ ಆಗಲಿ ಅಂತ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಎರಡು ವರ್ಷ ನಿಂತ ಇಂಜಿನ್ ಒಣಗಿರುತ್ತದೆ. ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಟ್ಟು, ಆಮೇಲೆ ಕೈಯಿಂದ ತಿರುಗಿಸಿ ನೋಡುವುದು ಮೆಕ್ಯಾನಿಕ್ಕಿಗೆ ಗೊತ್ತಿರುತ್ತದೆ.

ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ. ಈಗ ಬಂಕಿನಲ್ಲಿ ಸಿಗುವುದು ಇ20, ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆ ಕಾಲದ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಪೈಪು ಸೀಳಿದರೆ ಬೆಂಕಿಯ ಭಯ. ಎಥನಾಲ್ ತಡೆಯುವ ಪೈಪುಗಳು ಈಗ ಸಿಗುತ್ತವೆ, ಅವನ್ನೇ ಹಾಕಿಸಿ. ಗಾಡಿ ನಿಲ್ಲಿಸುವಾಗ ಪೆಟ್ರೋಲು ಕಡಿಮೆ ಇಡಿ, ರಿಪೇರಿ, ಎಫ್‌ಸಿ ಆದ ಮೇಲೆ ತಿಂಗಳಿಗೆರಡು ಸಲ ಓಡಿಸಿ.

ಮುಳಬಾಗಿಲಿನ ಮೆಕ್ಯಾನಿಕ್ಕಿಗೆ ಎರಡು ಲಕ್ಷದ ಇಪ್ಪತ್ತು ಸಾವಿರದ ಲೆಕ್ಕವನ್ನು ಒಡೆದು ಬರೆದುಕೊಡಲು ಹೇಳಿ. ಬ್ರೇಕ್, ಪೆಟ್ರೋಲ್ ಲೈನ್, ಕಾರ್ಬೊರೇಟರ್, ಬ್ಯಾಟರಿ, ಟೈರು ಇಷ್ಟಕ್ಕೆ ಎಷ್ಟು? ತಳದ ತುಕ್ಕು ಕಿತ್ತು ತಗಡು ಬೆಸೆಯುವ ಟಿಂಕರಿಂಗಿಗೆ ಎಷ್ಟು? ಇಂಜಿನ್ ಬೋರ್ ಕೆಲಸ ನಿಜವಾಗಿಯೂ ಬೇಕೇ, ಆಯಿಲ್ ಹೊಗೆ ಬರುತ್ತದೆಯೇ? ಪೇಂಟ್ ಕಟ್ಟಕಡೆಗೆ. ಈ ವರ್ಷ ಮೊದಲನೆಯದನ್ನು ಮಾತ್ರ ಮಾಡಿಸಿ. ಮುಂದಿನ ಸುಗ್ಗಿಯ ದುಡ್ಡಿನಲ್ಲಿ ಎರಡನೆಯದು. ವ್ಯಾಗನ್ ಆರ್ ಕೊಂಡು ಉಳಿದ ದುಡ್ಡನ್ನು ಪೂರ್ತಿ ಇದಕ್ಕೆ ಹಾಕಬೇಡಿ. ಎಂಟು ವರ್ಷದ ಗಾಡಿಯೂ ಬಂದ ಮೊದಲ ತಿಂಗಳಲ್ಲಿ ಬ್ಯಾಟರಿ, ಕ್ಲಚ್ಚು ಅಂತ ಏನಾದರೂ ಕೇಳುತ್ತದೆ.

ಕಾಗದಪತ್ರದ ವಿಷಯ ಅಣ್ಣನಿಗೂ ಓದಿ ಹೇಳಿ. ಹದಿನೈದು ವರ್ಷ ದಾಟಿದ ಕಾರು ಗುಜರಿಗೆ ಹೋಗಲೇಬೇಕು ಅನ್ನುವ ಮಾತು ನಮ್ಮೂರುಗಳಲ್ಲಿ ಹರಡಿದೆ. ಖಾಸಗಿ ಕಾರಿನ ಮಟ್ಟಿಗೆ ಅಂಥ ನಿರ್ಬಂಧ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು, ಹಸಿರು ತೆರಿಗೆ ಕಟ್ಟಬೇಕು. ಆದರೆ ಖರ್ಚು ಏರಿದೆ. 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಗಿದೆ. ಅವಧಿ ಮುಗಿದ ಮೇಲೆ ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ಸೇರುತ್ತದೆ, ಅಂದರೆ ವರ್ಷಕ್ಕೆ 6,000. ಸುಮ್ಮನೆ ನಿಲ್ಲಿಸಿದ ಗಾಡಿಯೂ ಹೀಗೆ ಖರ್ಚು ಬೆಳೆಸುತ್ತದೆ. ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ಜುಲೈನಲ್ಲಿ ಬಂದ ವಿಂಟೇಜ್ ನೋಂದಣಿ ಬೇರೆ ಇದೆ. ಅದು ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ, ದಿನದ ಓಡಾಟಕ್ಕಿಲ್ಲ. ನಿಮ್ಮದಕ್ಕೆ ಐವತ್ತು ತುಂಬುವುದು 2034ಕ್ಕೆ. ಆಗ ಯೋಚಿಸಿದರಾಯಿತು.

ಅದಕ್ಕಿಂತ ಮುಖ್ಯ, ಆರ್‌ಸಿ. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ನಿಮ್ಮದು ತಡವಾಗಿದೆ, ದಂಡ ಕಟ್ಟಿಯಾದರೂ ಮಾಡಿಸಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮ ಮತ್ತು ಅಣ್ಣನ ಒಪ್ಪಿಗೆಯ ಅಫಿಡವಿಟ್ ಬೇಕಾಗುತ್ತದೆ. ಅಣ್ಣ ಹೇಳಿದ ಆ ಶೋಕಿಯವರು ಕಾಗದ ಆಮೇಲೆ ನೋಡೋಣ, ದುಡ್ಡು ತಗೊಳ್ಳಿ, ಗಾಡಿ ಎತ್ತಿಕೊಂಡು ಹೋಗುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ. ನಾಯನ ಹೆಸರಿನ ಗಾಡಿ ಯಾರ ಕೈಯಲ್ಲೋ ಅಪಘಾತ ಮಾಡಿದರೆ ನೋಟಿಸು ಬರುವುದು ನಿಮ್ಮ ಮನೆಗೆ.

ಒಪ್ಪಿಗೆ ಅಂದಾಗ ಇನ್ನೊಂದು ನೆನಪಾಯಿತು. ಈ ಗಾಡಿ ನಿಮ್ಮೊಬ್ಬರದ್ದಲ್ಲ. ಅಮ್ಮನಿಗೂ ಅಣ್ಣನಿಗೂ ನಿಮ್ಮಷ್ಟೇ ಪಾಲಿದೆ. ಮಾರಿಬಿಡು ಅನ್ನುವ ಅಣ್ಣನ ಮೇಲೆ ಪತ್ರದಲ್ಲಿ ಸ್ವಲ್ಪ ಸಿಟ್ಟು ಕಂಡಿತು. ನಿಮಗೆ ಮೂರು ವರ್ಷವಿದ್ದಾಗ ಅವರು ನಿಮಗಿಂತ ದೊಡ್ಡ ಹುಡುಗ, ಆ ಕಾರನ್ನು ತೊಳೆದವರು, ತಳ್ಳಿದವರು ಅವರೇ ಇರಬೇಕು. ಊರಿಗೆ ಬಂದಾಗಲೆಲ್ಲ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತದ್ದನ್ನು ನೋಡಲಾರದೆಯೂ ಕೆಲವರು ಮಾರಿಬಿಡು ಅನ್ನುತ್ತಾರೆ. ಫೋನಿನಲ್ಲಿ ತೀರ್ಮಾನ ಮಾಡಬೇಡಿ. ತಿಥಿಗೆ ಬಂದಾಗ ಇಬ್ಬರೂ ಕೂತು ಮಾತಾಡಿ. ಉಳಿಸಿಕೊಳ್ಳುವುದಾದರೆ ವರ್ಷದ ಖರ್ಚು ಯಾರದ್ದು, ಆಯುಧಪೂಜೆಗೆ, ಮಾವಿನ ಕಾಲಕ್ಕೆ ಯಾರು ಓಡಿಸುವುದು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಬ್ಬರಿಗೂ ಆಗುವುದಿಲ್ಲ ಅಂತ ಕಂಡರೆ ಆಗ ಮಾರಿ, ಅದರಲ್ಲೂ ತಪ್ಪಿಲ್ಲ. ಕಿಲೋ ಲೆಕ್ಕಕ್ಕೆ ಕೊಡುವುದಕ್ಕಿಂತ ಅದನ್ನು ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಕೊಡುವುದು ಎಷ್ಟೋ ಮೇಲು, ಅದನ್ನು ಕಂಡವಳು ನಾನು.

ನಾಯನನ್ನೇ ಮಾರಿದ ಹಾಗೆ ಅಂತ ಬರೆದಿದ್ದೀರಲ್ಲ, ಆ ಸಾಲಿನ ಹತ್ತಿರ ನಾನು ಬಹಳ ಹೊತ್ತು ಕೂತಿದ್ದೆ. ಆಮೇಲೆ ನೀವು ಕೊಟ್ಟ ವರ್ಷಗಳನ್ನು ಇನ್ನೊಮ್ಮೆ ನೋಡಿದೆ. ಗಾಡಿ 1984ರದು, ನಿಮ್ಮ ನಾಯನ ಕೊಂಡದ್ದು 1992ರಲ್ಲಿ. ಆಗ ಅದು ಎಂಟು ವರ್ಷದ ಸೆಕೆಂಡ್ ಹ್ಯಾಂಡ್ ಕಾರು. ಮಾರುತಿ 800 ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಹೊಸ ಮಾರುತಿ ಕೊಳ್ಳುವ ಶಕ್ತಿ ಮಂಡಿಯ ಗುಮಾಸ್ತರಿಗೆ ಎಲ್ಲಿಂದ ಬರಬೇಕು? ಕೈಯಲ್ಲಿದ್ದ ದುಡ್ಡು ಎಣಿಸಿ, ಮನೆಯಲ್ಲಿ ಮೂರು ವರ್ಷದ ಮಗು ಇದೆ ಅಂತ ನೋಡಿ, ಯಾರೋ ಓಡಿಸಿದ ಎಂಟು ವರ್ಷದ ಗಾಡಿಯನ್ನು ಮನೆಗೆ ತಂದರು. ನಿಮ್ಮ ಹೆಂಡತಿ ಮಾಲೂರಿನಲ್ಲಿ ನೋಡಿ ಬಂದದ್ದೂ ಎಂಟು ವರ್ಷದ ಗಾಡಿಯೇ. ನಾಯನ ಮಾಡಿದ ಲೆಕ್ಕವನ್ನೇ ಆಕೆ ಮಾಡುತ್ತಿದ್ದಾರೆ. ಆ ಫಿಯೆಟ್ಟು ಮೊದಲ ದಿನವೇ ನಿಮ್ಮ ನಾಯನ ಆಗಿರಲಿಲ್ಲ. ಹುಲ್ಲು ಹಾಸಿದ ಡಿಕ್ಕಿ, ಬಾದಾಮಿಯ ವಾಸನೆ, ನೆಂಟರ ಮನೆ ದಾರಿ ಎಲ್ಲ ಸೇರಿ ಮೂವತ್ತು ವರ್ಷದಲ್ಲಿ ಹಾಗಾಯಿತು. ನಿಮ್ಮ ಮಕ್ಕಳಿಗೆ ವ್ಯಾಗನ್ ಆರ್ ಕೂಡ ಹೀಗೇ ಶುರುವಾಗುತ್ತದೆ.

ಇನ್ನು ಈ ಭಾನುವಾರದ ಕೆಲಸ. ಮುಳಬಾಗಿಲಿನ ಆ ಮೆಕ್ಯಾನಿಕ್ಕನ್ನು ಒಂದು ದಿನದ ಕೂಲಿ ಕೊಟ್ಟು ಮಾಲೂರಿಗೆ ಕರೆದುಕೊಂಡು ಹೋಗಿ. ನಿಮ್ಮ ನಾಯನ ನಂಬಿದ ಕಿವಿ ಅದು, ಹೊಸ ಇಂಜಿನ್ನಿನ ಸದ್ದನ್ನೂ ಕೇಳಿ ಹೇಳಲಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಗಾಡಿಯ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಒಮ್ಮೆ ಕೂರಿಸಿ, ಇಳಿಸಿ, ಇನ್ನೊಮ್ಮೆ ಕೂರಿಸಿ. ಸೀಟು ಎತ್ತರವಾಗಿದ್ದರೆ ಬಗ್ಗದೆ ಪಕ್ಕಕ್ಕೆ ತಿರುಗಿ ಕೂರಬಹುದು, ಮೊಣಕಾಲಿಗೆ ಭಾರ ಬೀಳುವುದಿಲ್ಲ. ಎರಡನೇ ಸಲ ಅವರು ನಿಮ್ಮ ಕೈ ಹಿಡಿಯದೆ ಇಳಿದರೆ ಕೋಲಾರದ ಕೊಟೇಶನ್ ಹಾಳೆಯನ್ನು ಜೇಬಿನಿಂದ ತೆಗೆಯಿರಿ.